ತರಕಾರಿ ಮಡಿಗೆ ಬಲೆ ಗೂಡು ಕಟ್ಟಿದ್ದು, ಅಳತೆ ಸಮೇತ

ಕೋಸು, ಬದನೆ, ಟೊಮೆಟೊ ಬೆಳೆಯುವ ಮಡಿಗೆ ಹುಳ ಬರದ ಹಾಗೆ ಬಲೆಯ ಗೂಡು ಕಟ್ಟಿದ ಕೆಲಸವನ್ನು ಪೂರ್ತಿಯಾಗಿ ಇಲ್ಲಿ ಬರೆದಿಡುತ್ತಿದ್ದೇನೆ. ಬಲೆ ಹಾಕಲಾಗದ ಬಳ್ಳಿಗಳಿಗೆ ಏನು ಮಾಡಿದೆ, ಸೋಪು ನೀರು ಮತ್ತು ಬೇವಿನೆಣ್ಣೆಯನ್ನು ಯಾವಾಗ ಕೈಗೆತ್ತಿಕೊಂಡೆ ಅನ್ನುವುದೂ ಇದೆ. ಕೈತೋಟದ ಹುಳದ ಬಗ್ಗೆ ಯಾರನ್ನು ಕೇಳಿದರೂ ಮೊದಲು ಸಿಗುವ ಉತ್ತರ ‘ಬೇವಿನೆಣ್ಣೆ ಹೊಡಿ’. ನನ್ನ ಲೆಕ್ಕದಲ್ಲಿ ಅದು ಮೂರನೇ ಹೆಜ್ಜೆ. ಮೊದಲು ಹುಳ ಒಳಗೆ ಬರದಂತೆ ತಡೆಯಬೇಕು, ಆಮೇಲೆ ಎಲೆ ತಿರುಗಿಸಿ ಅಡಿಭಾಗ ನೋಡಬೇಕು. ಈ ಎರಡೂ ಸರಿಯಾಗಿ ನಡೆದರೆ ಸ್ಪ್ರೇ ಬಾಟಲಿಗೆ ಕೆಲಸ ತುಂಬಾ ಕಮ್ಮಿ.

ಯಾಕೆ ಹೀಗನ್ನುತ್ತೇನೆ ಅಂದರೆ, ಬದನೆಯ ಕಾಂಡ ಮತ್ತು ಕಾಯಿ ಕೊರಕವನ್ನೇ ತೆಗೆದುಕೊಳ್ಳಿ. ಇದರ ಪತಂಗ ಬಿಳಿ, ರೆಕ್ಕೆ ಮೇಲೆ ಕಂದು ಮಚ್ಚೆ. ರಾತ್ರಿ ಬಂದು ಎಲೆಯಡಿ ಮೊಟ್ಟೆ ಇಟ್ಟು ಹೋಗುತ್ತದೆ. ಕೆಲವು ದಿನಗಳಲ್ಲಿ ಮೊಟ್ಟೆ ಒಡೆದು ಬಂದ ಮರಿ ಎಲೆ ಮೇಲೆ ಅಡ್ಡಾಡುವುದು ಬರೀ ಕೆಲವೇ ಗಂಟೆ, ಅಷ್ಟರಲ್ಲಿ ಚಿಗುರಿನೊಳಗೋ ಕಾಯಿಯೊಳಗೋ ನುಗ್ಗಿ, ಬಂದ ತೂತನ್ನು ತನ್ನ ಹಿಕ್ಕೆಯಿಂದಲೇ ಮುಚ್ಚಿಕೊಳ್ಳುತ್ತದೆ. ಒಳಗೆ ಸೇರಿಕೊಂಡ ಮೇಲೆ ಬೇವೂ ತಲುಪುವುದಿಲ್ಲ, ಸೋಪೂ ತಲುಪುವುದಿಲ್ಲ. ಅಂದರೆ ಸ್ಪ್ರೇ ನಂಬಿದವರಿಗೆ ಸಿಗುವುದು ಆ ಕೆಲವು ಗಂಟೆ ಮಾತ್ರ. ಪತಂಗವೇ ಎಲೆ ಮುಟ್ಟದಂತೆ ಮಾಡಿದರೆ ಈ ಇಡೀ ಕಥೆ ಶುರುವಾಗುವುದೇ ಇಲ್ಲ, ಅಲ್ವಾ?

ಚೌಕಟ್ಟು

ಮಡಿಯ ಅಗಲ 90 ಸೆಂ.ಮೀ., ಉದ್ದ 240 ಸೆಂ.ಮೀ. ಗೂಡು ಒಂದು ಕಡೆಯಿಂದ ಮಾತ್ರ ತೆರೆಯುತ್ತದೆ, ಹಾಗಾಗಿ ಆಚೆ ಬದಿಯ ಗಿಡದವರೆಗೂ ಕೈ ಎಟುಕಬೇಕು. ಇದಕ್ಕಿಂತ ಅಗಲ ಬೇಡ.

ಕಮಾನಿಗೆ ಸುರುಳಿಯಾಗಿ ಬರುವ ಕಪ್ಪು ಎಚ್‌ಡಿಪಿಇ ನೀರಿನ ಪೈಪು ಬಳಸಿದೆ, ಹೊರ ಅಳತೆ 20 ಮಿ.ಮೀ. ಬಿಳಿ ಪಿವಿಸಿ ಪೈಪು ಇಷ್ಟು ಸಣ್ಣ ಕಮಾನಿಗೆ ಸರಿಯಾಗಿ ಬಾಗುವುದಿಲ್ಲ, ಬಾಗಿದರೂ ನೇರವಾಗಲು ಎಳೆಯುತ್ತಲೇ ಇರುತ್ತದೆ, ಬಿಸಿಲಿಗೆ ಬರಬರುತ್ತ ಪೆಡಸಾಗುತ್ತದೆ. ಎಚ್‌ಡಿಪಿಇಗೆ ಸುರುಳಿಯ ಬಾಗು ಮೊದಲೇ ಇರುವುದರಿಂದ ಕಮಾನು ಸುಮ್ನೆ ಕೂತುಬಿಡುತ್ತದೆ. ಒಂದೊಂದು ತುಂಡು 2 ಮೀಟರ್. 60 ಸೆಂ.ಮೀ.ಗೆ ಒಂದರಂತೆ ಒಟ್ಟು 5 ಕಮಾನು. ಪ್ರತಿ ಕಾಲಿಗೂ 60 ಸೆಂ.ಮೀ. ಉದ್ದದ, 10 ಮಿ.ಮೀ. ದಪ್ಪದ ಕಬ್ಬಿಣದ ಸರಳನ್ನು ಅರ್ಧ ಮಣ್ಣಿಗೆ ಹೊಡೆದು, ಮೇಲೆ ಉಳಿದ ಅರ್ಧಕ್ಕೆ ಪೈಪನ್ನು ತೂರಿಸಿದೆ. ಹೀಗೆ ಮಾಡಿದಾಗ ನಡುವಿನ ಎತ್ತರ ಸುಮಾರು 75 ಸೆಂ.ಮೀ. ಸಿಗುತ್ತದೆ. ಕೋಸು, ಹೂಕೋಸು, ಸೊಪ್ಪು, ಮೆಣಸಿನ ಸಸಿಗೆ ಇದು ಸಾಕು. ಟೊಮೆಟೊ, ಬದನೆಗೆ ಪೈಪನ್ನು 3 ಮೀಟರ್ ತೆಗೆದುಕೊಂಡರೆ ಎತ್ತರ ಸುಮಾರು 125 ಸೆಂ.ಮೀ.ಗೆ ಹೋಗುತ್ತದೆ, ಆಗ ಸರಳೂ ಉದ್ದದ್ದೇ ಬೇಕು.

ಕಮಾನುಗಳ ನೆತ್ತಿ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಒಂದು ಬಿದಿರು ಗಳು ಇಟ್ಟು ಪ್ರತಿ ಕಮಾನಿಗೂ ಕೇಬಲ್ ಟೈ ಹಾಕಿ ಬಿಗಿದಿದ್ದೇನೆ. ಇದನ್ನು ಬಿಡಬೇಡಿ. ಇದಿಲ್ಲದೆ ಹೋದರೆ ಎರಡು ಕಮಾನಿನ ನಡುವೆ ಬಲೆ ಜೋಲುತ್ತದೆ, ಮಳೆ ಬಿದ್ದಾಗ ಎಲೆ ಮೇಲೆ ಕೂರುತ್ತದೆ. ಎಲೆಗೆ ಬಲೆ ತಾಗಿದ ಜಾಗದಲ್ಲಿ ಕೋಸಿನ ಚಿಟ್ಟೆ ಹೊರಗಿನಿಂದಲೇ ಬಲೆಯ ಕಣ್ಣಿನ ಮೂಲಕ ಮೊಟ್ಟೆ ಇಡಬಲ್ಲದು. ಎಲೆಗೂ ಬಲೆಗೂ ಒಂದು ಗೇಣಾದರೂ ಜಾಗ ಇರಲಿ.

ಯಾವ ಬಲೆ?

ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಬಲೆಯ ಕಣ್ಣು ಸಣ್ಣದಾದಷ್ಟೂ ಹುಳ ಕಮ್ಮಿ, ಆದರೆ ಗಾಳಿಯೂ ಕಮ್ಮಿ, ಒಳಗೆ ಶಾಖವೂ ತೇವವೂ ಜಾಸ್ತಿ. ತೇವ ನಿಂತರೆ ಬೂಜು, ಎಲೆಚುಕ್ಕೆ ರೋಗ ಹೆಚ್ಚುತ್ತದೆ. ಹಾಗಾಗಿ ಯಾವ ಬೆಳೆಗೆ ಯಾವ ಹುಳ ನಿಜವಾಗಿ ತೊಂದರೆ ಕೊಡುತ್ತದೆ ಅಂತ ನೋಡಿಕೊಂಡು ಬಲೆ ಆರಿಸಬೇಕು. ಕೋಸಿಗೆ ಮುಖ್ಯ ಶತ್ರು ಚಿಟ್ಟೆ ಮತ್ತು ವಜ್ರಬೆನ್ನಿನ ಪತಂಗ. ಇವನ್ನು ತಡೆಯಲು 1.3 ಮಿ.ಮೀ. ಆಸುಪಾಸಿನ ಕಣ್ಣು ಸಾಕು, ಗಾಳಿ ಚೆನ್ನಾಗಿ ಆಡುತ್ತದೆ. ಟೊಮೆಟೊ, ಮೆಣಸಿಗೆ ಎಲೆ ಮುದುಡು ರೋಗ ತರುವ ಬಿಳಿ ನೊಣ ತಡೆಯಬೇಕಾದರೆ 40 ಮೆಷ್ ಬೇಕು. 40 ಮೆಷ್ ಅಂದರೆ ಒಂದು ಇಂಚಿಗೆ 40 ಕಣ್ಣು. ಅಂಗಡಿಯಲ್ಲಿ ಹೇಳಿದ್ದನ್ನು ಕಣ್ಣುಮುಚ್ಚಿ ನಂಬಬೇಡಿ. ಬಲೆ ಮೇಲೆ ಸ್ಕೇಲ್ ಇಟ್ಟು 1 ಸೆಂ.ಮೀ.ನಲ್ಲಿ ಎಷ್ಟು ಕಣ್ಣಿದೆ ಎಣಿಸಿ. ಸುಮಾರು 16 ಬಂದರೆ ಅದು 40 ಮೆಷ್. ಥ್ರಿಪ್ಸ್ ನುಸಿ ಮಾತ್ರ ಇದರಲ್ಲೂ ನುಸುಳುತ್ತದೆ. ಅದನ್ನು ತಡೆಯಲು ಸುಮಾರು 0.2 ಮಿ.ಮೀ. ಕಣ್ಣು ಬೇಕು, ಅಷ್ಟು ಬಿಗಿಯಾದ ಬಲೆಯೊಳಗೆ ಬೇಸಿಗೆಯಲ್ಲಿ ಗಿಡ ಬೇಯುತ್ತದೆ. ಆ ಹಟ ನನಗೆ ಬೇಡ ಅನ್ನಿಸಿತು.

75 ಸೆಂ.ಮೀ. ಎತ್ತರದ ಗೂಡಿಗೆ ಬಲೆ 2.4 ಮೀಟರ್ ಅಗಲ, 4.3 ಮೀಟರ್ ಉದ್ದ ಬೇಕಾಯಿತು. ಕಮಾನಿನ ಮೇಲೆ 2 ಮೀಟರ್, ಎರಡೂ ಬದಿ ಮಣ್ಣಿಗೆ 20 ಸೆಂ.ಮೀ. ಉದ್ದದಲ್ಲಿ ಮಡಿಯ 2.4 ಮೀಟರ್, ಎರಡು ತುದಿ ಇಳಿಯಲು 75 ಸೆಂ.ಮೀ. ಅಂತೆ, ಮತ್ತೆ ಮಣ್ಣಿಗೆ 20 ಅಂತೆ. ಬಿಳಿ ಬಲೆಯನ್ನೇ ಆರಿಸಿದೆ. ಕಡು ಹಸಿರು ನೆರಳು ಬಲೆ ಹುಳಕ್ಕಿಂತ ಬೆಳಕನ್ನೇ ಜಾಸ್ತಿ ತಡೆಯುತ್ತದೆ, ಅದು ಈ ಕೆಲಸಕ್ಕೆ ಅಲ್ಲ.

ಬಲೆಯನ್ನು ಕಮಾನಿಗೆ ಹಿಡಿಸುವುದಕ್ಕೆ ಉಳಿದ ಪೈಪಿನಲ್ಲೇ ಕ್ಲಿಪ್ಪು ಮಾಡಿಕೊಂಡೆ. 6 ಸೆಂ.ಮೀ. ತುಂಡುಗಳನ್ನು ಕತ್ತರಿಸಿ, ಒಂದು ಬದಿ ಉದ್ದಕ್ಕೆ ಸೀಳಿದರೆ ಆಯಿತು. ಬಾಯಿ ಅಗಲಿಸಿ ಬಲೆ ಮೇಲಿಂದ ಪೈಪಿಗೆ ಒತ್ತಿದರೆ ‘ಟಕ್’ ಅಂತ ಕಚ್ಚಿಕೊಳ್ಳುತ್ತದೆ. ಸೀಳಿದ ಅಂಚು ಮತ್ತು ಎರಡು ತುದಿಯನ್ನು ಮರಳು ಕಾಗದದಲ್ಲಿ ಉಜ್ಜಿ ನುಣುಪು ಮಾಡಲೇಬೇಕು. ಚೂಪು ಅಂಚು ಬಲೆಯನ್ನು ಮೊದಲ ಜೋರು ಗಾಳಿಗೇ ಹರಿಯುತ್ತದೆ.

ಒಂದು ಉದ್ದ ಬದಿ ಮತ್ತು ಎರಡು ತುದಿಯನ್ನು ಮಣ್ಣಿನಲ್ಲಿ ಹೂತಿದ್ದೇನೆ. ತೆರೆಯುವ ಬದಿಯ ಬಲೆಯ ಅಂಚನ್ನು ಒಂದು ಬಿದಿರು ಗಳುವಿಗೆ ಸುತ್ತಿ, ಮೇಲೆ ಮರಳು ತುಂಬಿದ ಚೀಲ ಇಟ್ಟಿದ್ದೇನೆ. ಕೆಲಸ ಇದ್ದಾಗ ಚೀಲ ಸರಿಸಿ, ಗಳು ಸಮೇತ ಸುರುಳಿ ಸುತ್ತಿ ಮೇಲೆತ್ತಿದರೆ ಇಡೀ ಬದಿ ತೆರೆಯುತ್ತದೆ. ಒಳಗೆ ಮೊದಲೇ ಹನಿ ನೀರಾವರಿ ಪೈಪು ಎಳೆದಿದ್ದರಿಂದ ನೀರಿಗೋಸ್ಕರ ದಿನಾ ತೆರೆಯಬೇಕಿಲ್ಲ. ತೆರೆದಷ್ಟೂ ಹುಳ ಬರುವ ಅವಕಾಶ ಜಾಸ್ತಿ, ಆದ್ದರಿಂದ ಈ ಪೈಪು ಬರೀ ಅನುಕೂಲಕ್ಕೆ ಅಂತ ಅಂದುಕೊಳ್ಳಬೇಡಿ.

ಮುಚ್ಚುವ ಮೊದಲು

ಬಲೆ ಹುಳವನ್ನು ಹೊರಗೂ ಇಡುತ್ತದೆ, ಒಳಗೂ ಇಡುತ್ತದೆ. ಒಳಗೆ ಸಿಕ್ಕಿಕೊಂಡ ಹುಳಕ್ಕೆ ಊಟ ಇದೆ, ಹಿಡಿದು ತಿನ್ನುವವರು ಯಾರೂ ಇಲ್ಲ. ಹಾಗಾಗಿ ಮುಚ್ಚುವ ಮೊದಲು ಪ್ರತಿ ಸಸಿಯ ಪ್ರತಿ ಎಲೆಯನ್ನೂ ತಿರುಗಿಸಿ ನೋಡಿದೆ. ಕೋಸಿನ ಸಸಿಯ ಎಲೆಯಡಿ ಹಳದಿ ಚುಕ್ಕೆ ಇದ್ದರೆ ಮೊಟ್ಟೆ, ಬೆರಳಲ್ಲೇ ಒರೆಸಿಬಿಡಿ. ಟೊಮೆಟೊ ಎಲೆಯಲ್ಲಿ ಬಿಳಿ ಅಂಕುಡೊಂಕು ಗೆರೆ ಇದ್ದರೆ ರಂಗೋಲಿ ಹುಳು. ಬೆಳಕಿಗೆ ಹಿಡಿದರೆ ಗೆರೆಯ ಅಗಲವಾದ ತುದಿಯಲ್ಲಿ ಮರಿ ಕಾಣುತ್ತದೆ. ಆ ಎಲೆ ಕಿತ್ತರೆ ಮುಗಿಯಿತು.

ಮಣ್ಣನ್ನೂ ಮರೆಯಬಾರದು. ಕತ್ತರಿ ಹುಳು, ರಂಗೋಲಿ ಹುಳು, ಹಣ್ಣು ನೊಣ ಇವೆಲ್ಲ ಮಣ್ಣಿನಲ್ಲಿ ಕೋಶವಾಗುತ್ತವೆ. ಹೋದ ಬೆಳೆಯಲ್ಲಿ ಬದನೆ ಇದ್ದ ಮಡಿಗೆ ಮತ್ತೆ ಬದನೆ, ಟೊಮೆಟೊ ಹಾಕಿ ಬಲೆ ಮುಚ್ಚಿದರೆ ಕೋಶದಿಂದ ಎದ್ದ ಹುಳ ನೇರ ಊಟದ ಮುಂದೆಯೇ ಎದ್ದ ಹಾಗೆ. ನಾನು ಮಡಿ ಅಗೆದು, ಮಣ್ಣು ತಿರುವಿ, ಕೆಲವು ದಿನ ಬಿಸಿಲಿಗೆ ಬಿಟ್ಟೆ. ಹಕ್ಕಿಗಳು ಬಂದು ಅರ್ಧ ಕೆಲಸ ಮುಗಿಸಿದವು. ಬದನೆ ಕುಟುಂಬದ ಜಾಗಕ್ಕೆ ಕೋಸಿನ ಕುಟುಂಬ, ಕೋಸಿನ ಜಾಗಕ್ಕೆ ಹುರುಳಿಕಾಯಿ ಹೀಗೆ ಅದಲುಬದಲು ಮಾಡಿದ್ದೇನೆ.

ಸಸಿ ನೆಟ್ಟ ಕೂಡಲೇ ಪ್ರತಿಯೊಂದಕ್ಕೂ ದಪ್ಪ ಕಾಗದದ ಕೊಳವೆ ತೊಡಿಸಿದೆ. ಎತ್ತರ 8 ಸೆಂ.ಮೀ., ಅದರಲ್ಲಿ 3 ಸೆಂ.ಮೀ. ಮಣ್ಣೊಳಗೆ. ಬೆಳಿಗ್ಗೆ ನೋಡುವಾಗ ಸಸಿ ಬುಡದಲ್ಲೇ ಕತ್ತರಿಸಿ ಮಲಗಿದ್ದರೆ ಅದು ಕತ್ತರಿ ಹುಳುವಿನ ಕೆಲಸ. ಪಕ್ಕದ ಮಣ್ಣನ್ನು ಬೆರಳಲ್ಲಿ ಕೆದಕಿದರೆ ಮೇಲ್ಪದರದಲ್ಲೇ ಬೂದುಬಣ್ಣದ ಹುಳ ದುಂಡಗೆ ಸುತ್ತಿಕೊಂಡು ಬಿದ್ದಿರುತ್ತದೆ. ಕಾಂಡ ಪೆನ್ಸಿಲ್ ದಪ್ಪ ಆದ ಮೇಲೆ ಕೊಳವೆ ಬೇಕಿಲ್ಲ.

ಪರಾಗದ ಚಿಂತೆ ಬೇಡವೇ ಅಂದರೆ, ಕೋಸಿಗೆ, ಸೊಪ್ಪಿಗೆ ಬೇಡವೇ ಬೇಡ. ಟೊಮೆಟೊ, ಬದನೆ, ಮೆಣಸು ತಮ್ಮ ಹೂವಿನ ಪರಾಗದಲ್ಲೇ ಕಾಯಿ ಕಟ್ಟುತ್ತವೆ, ಆದರೆ ಪರಾಗ ಉದುರಲು ಹೂವು ಅಲುಗಬೇಕು. ಜೇನು ಬರದ ಗೂಡಿನಲ್ಲಿ ಆ ಕೆಲಸ ನಮ್ಮದು. ಬೆಳಿಗ್ಗೆ ಹೊತ್ತು ಹೂಗೊಂಚಲಿನ ತೊಟ್ಟಿಗೆ ಬೆರಳಲ್ಲಿ ಮೆಲ್ಲಗೆ ತಟ್ಟಿದರೆ ಸಾಕು, ಬಲೆಯ ಹೊರಗಿನಿಂದ ಗಳು ಅಲ್ಲಾಡಿಸಿದರೂ ನಡೆಯುತ್ತದೆ.

ಅಂಟು ಹಲಗೆ

ಹಳದಿ ಪ್ಲಾಸ್ಟಿಕ್ ಹಾಳೆಯನ್ನು ಅಂಗೈಯಷ್ಟು ಕತ್ತರಿಸಿ, ಎರಡೂ ಬದಿಗೆ ಗ್ರೀಸ್ ತೆಳ್ಳಗೆ ಬಳಿದು, ಗೂಡಿನೊಳಗೆ ಗಿಡದ ತುದಿಗಿಂತ ಸ್ವಲ್ಪ ಮೇಲೆ ತೂಗು ಹಾಕಿದೆ. ಬಿಳಿ ನೊಣ, ರೆಕ್ಕೆ ಬಂದ ಸಸ್ಯಹೇನು, ರಂಗೋಲಿ ಹುಳುವಿನ ನೊಣ ಹಳದಿಗೆ ಬರುತ್ತವೆ, ಥ್ರಿಪ್ಸ್ ನೀಲಿಗೆ ಚೆನ್ನಾಗಿ ಬರುತ್ತದೆ. ಇದು ಕಾವಲುಗಾರ ಮಾತ್ರ. ಹಲಗೆ ಮೇಲೆ ಒಂದೆರಡು ಬಿಳಿ ನೊಣ ಕಂಡರೆ ಬಲೆಯಲ್ಲಿ ಎಲ್ಲೋ ತೂತಿದೆ ಅಂತ ಗೊತ್ತಾಗುತ್ತದೆ, ಹುಡುಕಿ ಹೊಲಿಯುತ್ತೇನೆ. ತೆರೆದ ಮಡಿಯಲ್ಲಿ ನಾನು ಇದನ್ನು ತೂಗು ಹಾಕುವುದಿಲ್ಲ. ಅಲ್ಲಿ ಗುಲಗಂಜಿ ಹುಳು, ಸಣ್ಣ ಕಣಜಗಳೂ ಅಂಟಿಕೊಂಡು ಸಾಯುತ್ತವೆ, ಅವು ನಮ್ಮ ಕಡೆಯವು.

ಬಲೆಯ ಹೊರಗೆ: ಹೇನು, ಇರುವೆ ಮತ್ತು ಅವುಗಳ ಶತ್ರುಗಳು

ಹುರುಳಿಕಾಯಿಯನ್ನು ಬೇಕಂತಲೇ ಬಲೆಯ ಹೊರಗೆ ಬಿಟ್ಟಿದ್ದೇನೆ. ಕಪ್ಪು ಸಸ್ಯಹೇನು ಬಂದೇ ಬರುತ್ತದೆ, ಅದರ ಹಿಂದೆ ಅದನ್ನು ತಿನ್ನುವವೂ ಬರುತ್ತವೆ. ಸಸ್ಯಹೇನಿನ ಹೆಣ್ಣು ಗಂಡಿನ ಹಂಗಿಲ್ಲದೆ ಜೀವಂತ ಮರಿ ಹಾಕುತ್ತದೆ, ಬೆಚ್ಚಗಿನ ಹವೆಯಲ್ಲಿ ಆ ಮರಿ ಒಂದು ವಾರದ ಆಚೀಚೆಗೆ ತಾನೇ ಮರಿ ಹಾಕುವಷ್ಟು ಬೆಳೆಯುತ್ತದೆ. ನಿನ್ನೆ ಒಂದು ಚಿಗುರಲ್ಲಿದ್ದದ್ದು ಇವತ್ತು ಇಡೀ ಬಳ್ಳಿಗೆ ಹಬ್ಬಿದೆ ಅನ್ನಿಸುವುದು ಇದಕ್ಕೇ. ಗೊಬ್ಬರದಲ್ಲಿ ಸಾರಜನಕ ಜಾಸ್ತಿಯಾಗಿ ಚಿಗುರು ಮೆತ್ತಗೆ, ಕಡು ಹಸಿರಾಗಿ ಬಂದರೆ ಹೇನು ಇನ್ನೂ ವೇಗವಾಗಿ ಹೆಚ್ಚುತ್ತದೆ.

ಔಷಧಿ ಹುಡುಕುವ ಮೊದಲು ಒಂದು ಭೂತಗನ್ನಡಿ ತೆಗೆದುಕೊಂಡು ಆ ಚಿಗುರನ್ನೇ ನೋಡಿ. ಹೇನಿನ ಗುಂಪಿನ ನಡುವೆ ಕೆಲವು ಹೇನು ಉಬ್ಬಿ, ಕಂದು ಬಣ್ಣಕ್ಕೆ ತಿರುಗಿ, ಅಲ್ಲಾಡದೆ ಕೂತಿರುತ್ತವೆ. ಅವು ಸತ್ತ ಹೇನು. ಸೊಳ್ಳೆಗಿಂತ ಸಣ್ಣ ಕಣಜ ಅದರೊಳಗೆ ಮೊಟ್ಟೆ ಇಟ್ಟಿದೆ. ಕಣಜದ ಮರಿ ಒಳಗಿನಿಂದ ತಿಂದು, ಬೆಳೆದು, ಬೆನ್ನ ಮೇಲೆ ಅಚ್ಚುಕಟ್ಟಾದ ದುಂಡು ತೂತು ಮಾಡಿ ಹೊರಗೆ ಬರುತ್ತದೆ. ಇಂಥ ಕಂದು ಹೇನುಗಳು ಕಂಡರೆ ನಾನು ಏನೂ ಹೊಡೆಯುವುದಿಲ್ಲ. ಇನ್ನೊಂದು ನೋಡಬೇಕಾದದ್ದು ಗುಲಗಂಜಿ ಹುಳುವಿನ ಮರಿ. ದೊಡ್ಡ ಹುಳು ಎಲ್ಲರಿಗೂ ಗೊತ್ತು, ಮರಿ ಮಾತ್ರ ಪುಟಾಣಿ ಮೊಸಳೆ ಥರ ಇರುತ್ತದೆ, ಕಪ್ಪು ಮೈ, ಕಿತ್ತಳೆ ಮಚ್ಚೆ. ಯಾವುದೋ ಕೆಟ್ಟ ಹುಳ ಅಂತ ಹೊಸಕಿಹಾಕುವವರೇ ಜಾಸ್ತಿ, ನೋಡಿದರೆ ಹೊಟ್ಟೆ ಉರಿಯುತ್ತದೆ. ಹಿಟ್ಟು ತಿಗಣೆ ತಿನ್ನುವ ಕ್ರಿಪ್ಟೋಲೀಮಸ್ ದುಂಬಿಯ ಮರಿಯಂತೂ ತಾನೇ ಹಿಟ್ಟು ತಿಗಣೆ ಅನ್ನುವಷ್ಟು ಬಿಳಿ ಮೇಣ ಹೊದ್ದಿರುತ್ತದೆ. ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ, ಇದು ತಿಗಣೆಗಿಂತ ದೊಡ್ಡದು, ಚುರುಕಾಗಿ ಓಡಾಡುತ್ತದೆ.

ಈ ದುಂಬಿಗಳ ಬಲ ಸಣ್ಣದಲ್ಲ. 1880ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳನ್ನು ಬಿಳಿ ಶಲ್ಕ ಕೀಟ ಹಾಳು ಮಾಡುತ್ತಿದ್ದಾಗ ಆಲ್ಬರ್ಟ್ ಕೋಬೆಲೆ ಅನ್ನುವವರು ಆಸ್ಟ್ರೇಲಿಯಾದಿಂದ ವೆಡಾಲಿಯಾ ಅನ್ನುವ ಗುಲಗಂಜಿ ಜಾತಿಯ ದುಂಬಿಯನ್ನು 1888-89ರಲ್ಲಿ ಕಳಿಸಿಕೊಟ್ಟರು. ತೋಟಗಳು ಉಳಿದವು.

ಇವು ಕೆಲಸ ಮಾಡಬೇಕಾದರೆ ಇರುವೆಯನ್ನು ದೂರ ಇಡಬೇಕು. ಹೇನು ಸುರಿಸುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಯುತ್ತವೆ, ಗುಲಗಂಜಿ ಹುಳು ಬಂದರೆ ಕಚ್ಚಿ ಓಡಿಸುತ್ತವೆ. ಬಳ್ಳಿ ಹಬ್ಬಿಸಿದ ಕೋಲಿನ ಬುಡಕ್ಕೆ ಟೇಪು ಸುತ್ತಿ, ಅದರ ಮೇಲೆ ಗ್ರೀಸ್ ಬಳಿದೆ. ಗಿಡದ ಕಾಂಡಕ್ಕೆ ನೇರವಾಗಿ ಗ್ರೀಸ್ ಬಳಿಯಬೇಡಿ, ತೊಗಟೆ ಸುಡುತ್ತದೆ. ಬೇರೆ ದಾರಿಯಲ್ಲಿ ಇರುವೆ ಹತ್ತದಂತೆ ನೆಲಕ್ಕೆ ತಾಗುವ ಎಲೆಗಳನ್ನೂ ಕತ್ತರಿಸಬೇಕು. ಅಂಚಿನಲ್ಲಿ ಕೊತ್ತಂಬರಿ, ಸಬ್ಬಸಿಗೆಯನ್ನು ಹೂ ಬಿಡಲು ಬಿಟ್ಟಿದ್ದೇನೆ. ಆ ಸಣ್ಣ ಹೂಗಳ ಮಕರಂದ ಕಣಜಗಳ ಬಾಯಿಗೆ ಎಟುಕುತ್ತದೆ. ಚೆಂಡು ಹೂವನ್ನು ಟೊಮೆಟೊ ಸಾಲಿನ ಪಕ್ಕ ನೆಟ್ಟಿದ್ದೇನೆ, ಕಾಯಿಕೊರಕದ ಪತಂಗ ಅದರ ಮೊಗ್ಗಿನ ಮೇಲೆ ಇಷ್ಟಪಟ್ಟು ಮೊಟ್ಟೆ ಇಡುತ್ತದೆ. ಆದರೆ ಆ ಮೊಗ್ಗುಗಳನ್ನು ಆಗಾಗ ನೋಡಿ ಹುಳ ಆರಿಸಿ ತೆಗೆಯಲೇಬೇಕು. ಸುಮ್ನೆ ನೆಟ್ಟು ಬಿಟ್ಟರೆ ಹುಳ ಸಾಕಿದ ಹಾಗಾಗುತ್ತದೆ.

ಬಳ್ಳಿ ತರಕಾರಿ

ಸೌತೆ, ಹೀರೆ, ಹಾಗಲಕ್ಕೆ ಪೂರ್ತಿ ಗೂಡು ಆಗುವುದಿಲ್ಲ. ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ, ಜೇನು ಬರಲೇಬೇಕು. ಇಲ್ಲಿ ಕಾಟ ಹಣ್ಣು ನೊಣದ್ದು. ಹೀಚಿನ ಸಿಪ್ಪೆಯೊಳಗೆ ಸೂಜಿ ಚುಚ್ಚಿದ ಹಾಗೆ ಮೊಟ್ಟೆ ಇಡುತ್ತದೆ, ಆ ಜಾಗದಲ್ಲಿ ಅಂಟು ಹನಿ ಕಾಣಿಸುತ್ತದೆ, ಕಾಯಿ ಸೊಟ್ಟಗಾಗಿ ಕೊಳೆಯುತ್ತದೆ. ಹಾಗಾಗಿ ಒಂದೊಂದು ಹೀಚಿಗೂ ಬಲೆಯ ಚೀಲ ತೊಡಿಸಿದೆ. ಉಳಿದ 40 ಮೆಷ್ ತುಂಡುಗಳನ್ನು ಕಾಯಿಯ ಪೂರ್ತಿ ಬೆಳವಣಿಗೆಗೆ ಸಾಕಾಗುವಷ್ಟು ಸಡಿಲವಾಗಿ ಹೊಲಿದು, ಬಾಯಿಗೆ ದಾರ ಹಾಕಿದ್ದೇನೆ. ತೊಡಿಸುವ ಸಮಯ ಮುಖ್ಯ. ಹೆಣ್ಣು ಹೂ ಅರಳಿದ ದಿನ ಬೇಡ, ಅದು ಬಾಡಿದ ಕೂಡಲೇ ತೊಡಿಸಬೇಕು, ತಡಮಾಡಿದರೆ ನೊಣ ಮೊದಲು ಬಂದಿರುತ್ತದೆ. ಚೀಲ ಕಾಯಿಗೆ ಅಂಟಿಕೊಳ್ಳಬಾರದು.

ಕ್ಯೂಲೂರ್ ಅನ್ನುವ, ಹಣ್ಣು ನೊಣವನ್ನು ವಾಸನೆಯಿಂದ ಸೆಳೆಯುವ ವಸ್ತು ಹಾಕಿದ ಮೋಹಕ ಬಲೆಯನ್ನೂ ಒಂದು ಕಡೆ ತೂಗು ಹಾಕಿದ್ದೇನೆ. ಅದಕ್ಕೆ ಬೀಳುವುದು ಗಂಡು ನೊಣ ಮಾತ್ರ. ಪಕ್ಕದ ಜಾಗದಿಂದ ಹೆಣ್ಣು ನೊಣ ಬಸಿರಾಗಿಯೇ ಬರಬಹುದು, ಆದ್ದರಿಂದ ಮೋಹಕ ಬಲೆ ಇದೆ ಅಂತ ಚೀಲ ಬಿಡಬೇಡಿ. ಹುಳ ಬಿದ್ದ ಕಾಯಿ ಗೊಬ್ಬರದ ಗುಂಡಿಗೆ ಹೋಗಬಾರದು. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗೆ ಇಟ್ಟರೆ ಮರಿಗಳು ಮಣ್ಣಿಗೆ ಇಳಿಯುವ ಮೊದಲೇ ಸಾಯುತ್ತವೆ.

ಬಸವನಹುಳುವಿಗೆ ಒದ್ದೆ ಹಲಗೆ. ಸಂಜೆ ಮಡಿಯ ಪಕ್ಕ ಇಟ್ಟು ಬೆಳಿಗ್ಗೆ ತಿರುಗಿಸಿದರೆ ಅಡಿಯಲ್ಲಿ ಅಂಟಿಕೊಂಡಿರುತ್ತವೆ, ಕೈಗವಸು ಹಾಕಿಕೊಂಡು ಆರಿಸುವುದು. ನೀರನ್ನು ಸಂಜೆ ಬದಲು ಬೆಳಿಗ್ಗೆ ಹಾಕಿದರೂ ಅವುಗಳ ಓಡಾಟ ಕಮ್ಮಿಯಾಗುತ್ತದೆ.

ಇಷ್ಟಾದ ಮೇಲೂ ಬಂದರೆ

ಹೇನು, ಬಿಳಿ ನೊಣದ ಮರಿ, ಹಿಟ್ಟು ತಿಗಣೆಗೆ ಮೊದಲು ನೀರಿನ ರಭಸ, ಎಲೆಯಡಿಗೆ. ಬಗ್ಗದಿದ್ದರೆ 1 ಲೀಟರ್ ನೀರಿಗೆ 5 ಮಿ.ಲೀ. ಸಸ್ಯಗಳಿಗೆಂದೇ ಮಾಡಿದ ದ್ರವ ಸೋಪು. ಬಟ್ಟೆ ತೊಳೆಯುವ ಪುಡಿ ಬೇಡ, ಎಲೆ ಸುಡುತ್ತದೆ. ಸೋಪು ಮೆತ್ತಗಿನ ಹುಳದ ಮೈಗೆ ತಾಗಿದರೆ ಮಾತ್ರ ಕೊಲ್ಲುತ್ತದೆ, ಒಣಗಿದ ಮೇಲೆ ಅದಕ್ಕೆ ಶಕ್ತಿ ಇಲ್ಲ. ಗಡಸು ನೀರಿನಲ್ಲಿ ಕಲಸಿದರೆ ಕೆನೆಗಟ್ಟಿ ಕೆಲಸಕ್ಕೆ ಬಾರದು, ಮಳೆ ನೀರು ಒಳ್ಳೆಯದು. ಮೊಟ್ಟೆಗೆ ಏನೂ ಆಗುವುದಿಲ್ಲ, ಆದ್ದರಿಂದ ವಾರದೊಳಗೆ ಮತ್ತೆ ಹೊಡೆಯಬೇಕು.

ಬೇವಿನೆಣ್ಣೆಗೆ ಕಲಸುವ ಕ್ರಮ ಮುಖ್ಯ. 5 ಮಿ.ಲೀ. ಎಣ್ಣೆಗೆ ಮೊದಲು 1-2 ಮಿ.ಲೀ. ಸೋಪು ಹಾಕಿ ಚೆನ್ನಾಗಿ ಕದಡಿ, ಆಮೇಲೆ ಉಗುರುಬೆಚ್ಚಗಿನ ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತ 1 ಲೀಟರ್ ಮಾಡಿ. ಬಿಳಿಯಾಗಿ ಒಂದೇ ಸಮ ಆಗಬೇಕು, ಮೇಲೆ ಎಣ್ಣೆ ತೇಲಿದರೆ ಹೊಡೆಯಬೇಡಿ. ಬೇವಿನ ಅಜಾಡಿರಾಕ್ಟಿನ್ ಹುಳವನ್ನು ತಕ್ಷಣ ಕೊಲ್ಲುವುದಿಲ್ಲ. ತಿನ್ನುವುದನ್ನು ಬಿಡಿಸುತ್ತದೆ, ಪೊರೆ ಕಳಚಿ ಬೆಳೆಯುವುದನ್ನು ಕೆಡಿಸುತ್ತದೆ. ಮಾರನೇ ದಿನ ಹುಳ ಜೀವಂತ ಕಂಡಿತು ಅಂತ ಪ್ರಮಾಣ ಹೆಚ್ಚಿಸಬೇಡಿ. ಬಿಸಿಲಿಗೆ ಇದು ಬೇಗ ಒಡೆದುಹೋಗುತ್ತದೆ, ಆದ್ದರಿಂದ ಸಂಜೆ ಹೊಡೆಯಬೇಕು, ಕಲಸಿದ್ದನ್ನು ಅವತ್ತೇ ಮುಗಿಸಬೇಕು. ಸೋಪಾಗಲಿ ಬೇವಾಗಲಿ, ಮೊದಲು ಒಂದೆರಡು ಎಲೆಗೆ ಹೊಡೆದು ಒಂದು ದಿನ ಕಾದು ನೋಡಿ. ಅರಳಿದ ಹೂವಿಗೆ ಬೇಡ.

ಕೋಸಿನ ಮರಿಹುಳು ಬಲೆ ದಾಟಿ ಬಂದರೆ ಬಿಟಿ ಪುಡಿ, ಪ್ಯಾಕೆಟ್ ಮೇಲಿನ ಪ್ರಮಾಣದಲ್ಲಿ. ಬಿಟಿ ಅಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಬ್ಯಾಕ್ಟೀರಿಯಾ. 1901ರಲ್ಲಿ ಜಪಾನಿನ ಇಶಿವಾಟಾ ಇದನ್ನು ಕಂಡದ್ದೇ ಕಾಯಿಲೆ ಬಿದ್ದ ರೇಷ್ಮೆ ಹುಳುವಿನಲ್ಲಿ, ಈಗಿನ ಹೆಸರು ಬಂದದ್ದು 1911ರಲ್ಲಿ ಜರ್ಮನಿಯ ಬರ್ಲಿನರ್ ಇದನ್ನು ಮತ್ತೆ ಗುರುತಿಸಿದ ಮೇಲೆ. ಹಾಗಾಗಿ ಹಿಪ್ಪುನೇರಳೆ ಹತ್ತಿರ ಇದನ್ನು ಹೊಡೆಯಲೇಬಾರದು. ಎಲೆ ಸಮೇತ ತಿಂದ ಮರಿಹುಳು ಕೆಲವು ಗಂಟೆಯಲ್ಲಿ ತಿನ್ನುವುದು ನಿಲ್ಲಿಸಿ ಎರಡು ಮೂರು ದಿನದಲ್ಲಿ ಸಾಯುತ್ತದೆ. ಸಣ್ಣ ಮರಿಗೆ ಚೆನ್ನಾಗಿ ತಾಗುತ್ತದೆ, ಬಲಿತದ್ದಕ್ಕೆ ಕಮ್ಮಿ. ಹೇನಿಗೆ, ಬಿಳಿ ನೊಣಕ್ಕೆ ಹೊಡೆದು ಪ್ರಯೋಜನವಿಲ್ಲ, ಅವು ಎಲೆ ತಿನ್ನುವುದಿಲ್ಲ, ರಸ ಹೀರುತ್ತವೆ.

ಹೊಗೆಸೊಪ್ಪಿನ ಕಷಾಯ ಮಾತ್ರ ಬೇಡವೇ ಬೇಡ. ಸಹಜ ವಸ್ತುವೇ ಆದರೂ ನಿಕೋಟಿನ್ ಮನುಷ್ಯರಿಗೆ ಘೋರ ವಿಷ, ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ಜೇನನ್ನೂ ಕೊಲ್ಲುತ್ತದೆ. ಜೊತೆಗೆ ಹೊಗೆಸೊಪ್ಪಿನಿಂದ ಟೊಮೆಟೊಗೆ ಮೊಸಾಯಿಕ್ ನಂಜು ರೋಗ ಹತ್ತಬಹುದು.

ಬಲೆ ಹಾಕಿದ ಕೋಸಿಗೆ ಈ ಬೆಳೆಯಲ್ಲಿ ಬಿಟಿ ಬೇಕಾಗಲಿಲ್ಲ. ಬದನೆಯಲ್ಲಿ ಬಾಡಿದ ಚಿಗುರು ಅಲ್ಲೊಂದು ಇಲ್ಲೊಂದು ಕಂಡಿತು, ಬಾಡಿದ ಜಾಗಕ್ಕಿಂತ ಎರಡು ಬೆರಳು ಕೆಳಗೆ ಕತ್ತರಿಸಿ ಸೀಳಿ ನೋಡಿದಾಗ ಒಳಗೆ ನಸುಗೆಂಪು ಮರಿ ಇತ್ತು, ಅದನ್ನು ಸೋಪು ನೀರಿಗೆ ಹಾಕಿದೆ. ಮೆಣಸಿಗೆ ಥ್ರಿಪ್ಸ್ ಬಂತು, ಎಲೆ ಮೇಲಕ್ಕೆ ದೋಣಿಯಾಕಾರ ಮುದುಡಿತು. ಅದಕ್ಕೆ ನೀಲಿ ಹಲಗೆ ಮತ್ತು ಬೇವು ನಡೆಯುತ್ತಿದೆ, ಹೊಸ ಚಿಗುರು ಈಗ ನೇರವಾಗಿ ಬರುತ್ತಿದೆ.

ಕೊಯ್ಲು ಮುಗಿದ ಮಡಿಯ ಬಲೆಯನ್ನು ಬಿಚ್ಚಿ, ಸೋಪು ನೀರಿನಲ್ಲಿ ನೆನೆಸಿ, ಮೊಟ್ಟೆ ಮತ್ತು ಕೋಶ ಅಂಟಿರುವ ಅಂಚುಗಳನ್ನು ಬ್ರಷ್‌ನಲ್ಲಿ ಉಜ್ಜಿ, ನೆರಳಲ್ಲಿ ಒಣಗಿಸಿ, ತೂತುಗಳನ್ನು ನೈಲಾನ್ ದಾರದಲ್ಲಿ ಹೊಲಿದಿದ್ದೇನೆ. ಮುಂದಿನ ಗೂಡಿಗೆ 3 ಮೀಟರ್ ಪೈಪುಗಳನ್ನು ಕತ್ತರಿಸಿಟ್ಟಿದ್ದೇನೆ, ಅದರ ತೆರೆಯುವ ಬದಿಗೆ ಬಿದಿರಿನ ಬದಲು ಉದ್ದ ಜಿಪ್ ಹೊಲಿಯುವ ಯೋಚನೆ ಇದೆ.